ಒಂದು ಸೇರು ತೌಡು

ಕುವೈತ್
6-2-1977

ಅಕ್ಕನಿಗೆ ಗಂಗ ಮಾಡುವ ನಮಸ್ಕಾರ.

ನಾವು ಇಲ್ಲಿಗೆ ಬಂದು ಸೇರಿ ಇವತ್ತಿಗೆ ಹನ್ನೆರಡು ದಿನ. ಬಂದ ದಿನವೇ ಬರೆಯಬೇಕಿತ್ತು. ಪೆನ್ನು ಹಿಡಿದರೆ ಅಳು ಬರ್ತಿತ್ತು, ಅದಕ್ಕೆ ಬರೆಯಲಿಲ್ಲ. ಈಗಲೂ ಬರುತ್ತೆ, ಆದರೆ ಇವರು ಕೆಲಸಕ್ಕೆ ಹೋಗಿದಾರೆ, ನೋಡೋರು ಯಾರೂ ಇಲ್ಲ.

ಮನೆ ಹವಲ್ಲಿ ಅನ್ನೋ ಕಡೆ, ಮೂರನೇ ಮಹಡಿ. ಎರಡು ಕೋಣೆ, ಒಂದು ಅಡಿಗೆಮನೆ. ಗ್ಯಾಸ್ ಒಲೆ, ಊದೋದೂ ಇಲ್ಲ, ಕಣ್ಣು ಉರಿಯೋದೂ ಇಲ್ಲ. ಕಿಟಕಿ ತೆಗೆದರೆ ಎದುರುಮನೆ ಗೋಡೆ, ಅದರ ಹಿಂದೆ ಇನ್ನೊಂದು ಗೋಡೆ, ಎಲ್ಲಕ್ಕೂ ಮರಳಿನ ಬಣ್ಣ. ಗಿಡ ಮರ ಅನ್ನೋದು ಕಣ್ಣಿಗೆ ಬಿದ್ದಿಲ್ಲ. ಮರಳುಗಾಡು ಅಂದ್ರೆ ಬೆಂಕಿ ಬಿಸಿಲು ಕಣಮ್ಮ ಅಂತ ನಮ್ಮ ಬೆಟ್ಟಸ್ವಾಮಿ ಭಾವ ಹೇಳಿ ಕಳಿಸಿದ್ರಲ್ಲ, ಅವರನ್ನ ಕರಕೊಂಡು ಬಂದು ಬೆಳಿಗ್ಗೆ ಆರು ಗಂಟೆಗೆ ತಾರಸಿ ಮೇಲೆ ನಿಲ್ಲಿಸಬೇಕು. ಹಲ್ಲು ಕಟಕಟ ಅನ್ನೋ ಚಳಿ. ನಾನು ತಂದಿರೋದು ನಾಲ್ಕು ವಾಯಲ್ ಸೀರೆ.

ಅಂಗಡಿಗೆ ಹೋಗೋದೇ ಒಂದು ನಾಟಕ. ಕೆಳಗೆ ಒಬ್ಬ ಇರಾನಿ ಮುದುಕ ದಿನಸಿ ಅಂಗಡಿ ಇಟ್ಟಿದಾನೆ. ಉಪ್ಪು ಬೇಕು ಅನ್ನೋಕೆ ನಾಲಗೆ ಚಾಚಿ ಬೆರಳಲ್ಲಿ ಮುಟ್ಟಿ ತೋರಿಸಿದೆ. ಅವನು ಔಷಧಿ ಅಂಗಡಿ ಕಡೆ ಕೈ ಮಾಡಿದ. ರಾಗಿ ಅಂತೂ ಇಲ್ಲವೇ ಇಲ್ಲ. ಇವರು ಮಾತ್ರ ರೊಟ್ಟಿ ಥರದ ಖುಬ್ಬೂಸ್ ತಿಂದು ಅಭ್ಯಾಸ ಮಾಡಿಕೊಂಡಿದಾರೆ, ವೈರಿಂಗ್ ಕೆಲಸದ ಜಾಗದಲ್ಲಿ ಎಲ್ಲರೂ ಅದನ್ನೇ ತಿಂತಾರಂತೆ.

ಈಗ ಮುಖ್ಯ ವಿಷಯ. ನಿನ್ನ ಮಗಳು ಹೇಗಿದಾಳೆ? ನೋಡು, ಸರಿಯಾಗಿ ಬರೆದಿದೀನಿ. ಕಾಗದದಲ್ಲೂ ಬೇರೆ ಥರ ಬರೆಯಕೂಡದು ಅಂತ ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಕೈ ಹಿಡಿದು ಭಾಷೆ ತಗೊಂಡೆಯಲ್ಲ. ಕುಣಿಗಲ್ಲಿನಲ್ಲಿ ಎರಡು ಕೂಸು ಮಣ್ಣು ಮಾಡಿ ನಿನ್ನ ಮನೆಗೆ ಹೆರೋಕೆ ಬಂದ ನನಗೆ ಇದು ಕಷ್ಟ ಅಂತ ಹೇಳೋಕೆ ಬಾಯಿಲ್ಲ. ಮೂರನೆಯದು ಹುಟ್ಟಿದ ತಕ್ಷಣ ಹೆಬ್ಬೂರಿನ ಸೂಲಗಿತ್ತಿ ಹೊಂಬಾಳಮ್ಮ ಅದನ್ನ ಮೊರದಲ್ಲಿಟ್ಟು ತಿಪ್ಪೆ ಮೇಲೆ ಮಲಗಿಸಿದ್ಲು. ನೀನು ಒಂದು ಸೇರು ತೌಡು ಕೊಟ್ಟು ಕೊಂಡುಕೊಂಡೆ. ತಿಪ್ಪಮ್ಮ ಅಂತ ಹೆಸರಿಟ್ಟೆ. ಐದು ವರ್ಷ ತುಂಬೋವರೆಗೆ ಕೊಂಡವಳೇ ತಾಯಿ, ಅವಳ ಮನೆ ಬಿಟ್ಟು ಮಗು ಬೇರೆ ಕಡೆ ಇರಕೂಡದು, ಹೆತ್ತವಳು ಬಾಯಲ್ಲಿ ನನ್ನದು ಅನ್ನಕೂಡದು, ಅಂದುಬಿಟ್ಟರೆ ಮೊದಲಿನ ಎರಡನ್ನ ಕರೆದದ್ದು ಇದನ್ನೂ ಕರೆಯುತ್ತೆ. ಐದು ತುಂಬಿದ ಮೇಲೆ ಅಷ್ಟೇ ತೌಡು ನಿನಗೆ ಅಳೆದು ಕೊಟ್ಟು ಬಿಡಿಸಿಕೋಬೇಕು, ಒಳ್ಳೆ ಹೆಸರು ಇಡಬೇಕು. ಇದೆಲ್ಲ ಹೊಂಬಾಳಮ್ಮ ಹೇಳಿದಳು ಅಂತ ನೀನು ಹೇಳಿದ್ದು. ನನಗೆ ಆಗ ಬಾಣಂತಿ ಸನ್ನಿ, ಯಾರ ಮಾತೂ ಕಿವಿಗೆ ಬಿದ್ದಿರಲಿಲ್ಲ.

ಇನ್ನು ಎರಡೂವರೆ ವರ್ಷ. ಹೆಸರು ಯೋಚನೆ ಮಾಡಿ ಇಟ್ಟಿದೀನಿ, ಮಾಲಿನಿ. ಯಾರಿಗೂ ಹೇಳಬೇಡ.

ಒಂದು ಕೆಲಸ ಮಾಡು. ದಾರ ತಗೊಂಡು ಅವಳ ಹೆಗಲಿಂದ ಮಂಡಿಯವರೆಗೆ ಹಿಡಿದು ಗಂಟು ಹಾಕು, ಎದೆ ಸುತ್ತಳತೆಗೆ ಇನ್ನೊಂದು ಗಂಟು. ಕಾಗದದೊಳಗಿಟ್ಟು ಕಳಿಸು. ಇಲ್ಲಿ ಬಟ್ಟೆ ಚೆನ್ನಾಗಿ ಸಿಗುತ್ತೆ, ಒಂದು ಫ್ರಾಕ್ ಹೊಲಿದು ಯಾರಾದರೂ ಬರೋರ ಕೈಲಿ ಕಳಿಸ್ತೀನಿ.

ಇಂತಿ ನಿನ್ನ ತಂಗಿ,
ಗಂಗ


ಗುಬ್ಬಿ
2-3-1977

ಗಂಗಂಗೆ ಅಕ್ಕ ಪುಟ್ಟತಾಯಮ್ಮ ಮಾಡೋ ಆಶೀರ್ವಾದ.

ನಿನ್ನ ಕಾಗದ ಶಿವರಾತ್ರಿ ಆದ್ಮೇಲೆ ಬಂತು. ನಿಮ್ಮ ಭಾವ ಸೊಸೈಟಿ ಅಂಗಡಿಯಿಂದ ಬಂದು ಓದಿ ಹೇಳಿದ್ರು, ಆಮೇಲೆ ನಾನೂ ಅಕ್ಷರ ಕೂಡಿಸಿ ಓದ್ಕೊಂಡೆ. ನಾಲ್ಕನೇ ಕ್ಲಾಸಿನೋಳ ಬರವಣಿಗೆ ನೋಡಿ ನಿನ್ನ ಯಜಮಾನ್ರು ರಂಗಯ್ಯನವರು ನಗಬಾರ್ದು.

ನನ್ನ ಮಗಳು ಚೆನ್ನಾಗವ್ಳೆ. ನೀನು ಹೋದ ಮೊದಲ ಎರಡು ದಿನ ಬಾಗಿಲಲ್ಲಿ ಕೂತು ಚಿಕ್ಕಮ್ಮ ಎಲ್ಲಿ ಚಿಕ್ಕಮ್ಮ ಎಲ್ಲಿ ಅಂದ್ಲು. ಆಮೇಲೆ ಕೇಳಲಿಲ್ಲ. ಈಗ ನನ್ನ ಸೆರಗು ಹಿಡ್ಕೊಂಡೇ ಇರ್ತಾಳೆ, ಹಿತ್ತಲಿಗೆ ಹೋದ್ರೂ ಬರ್ತಾಳೆ. ಮುದ್ದೆ ನುಂಗೋದು ಕಲ್ತವ್ಳೆ, ಅಗಿಯಲ್ಲ, ದೊಡ್ಡೋರ ಥರ ನುಂಗಿ ಕಣ್ಣು ಬಿಡ್ತಾಳೆ. ನೀನು ಹಗಲು ರಾತ್ರಿ ಅವಳದೇ ಯೋಚನೆ ಮಾಡ್ಬೇಡ, ನಿನ್ನ ಸಂಸಾರ ನೋಡ್ಕೊ.

ದಾರ ಇಟ್ಟಿದೀನಿ. ಮೇಲಿನ ಗಂಟು ಉದ್ದಕ್ಕೆ, ಕೆಳಗಿನ ಗಂಟು ಎದೆಗೆ. ಅವಳು ನಿಲ್ಲೋದೇ ಇಲ್ಲ, ಹಿಡಿಯೋ ಹೊತ್ತಿಗೆ ಸಾಕಾಯ್ತು.

ನಿನ್ನ ಅಕ್ಕ,
ಪುಟ್ಟತಾಯಮ್ಮ


ಕುವೈತ್
15-7-1977

ಅಕ್ಕನಿಗೆ ನಮಸ್ಕಾರ.

ಭಾವನಿಗೆ ಹೇಳು, ಅವರ ಮಾತು ನಿಜವಾಯ್ತು. ಹಗಲು ಕಿಟಕಿ ಮುಟ್ಟೋ ಹಾಗಿಲ್ಲ. ನೀರಿನ ಲಾರಿಯವನು ತಾರಸಿ ಮೇಲಿನ ಟ್ಯಾಂಕಿಗೆ ತುಂಬಿಸಿ ಹೋಗ್ತಾನೆ, ಹತ್ತು ಗಂಟೆ ಆದ ಮೇಲೆ ನಲ್ಲಿ ತಿರುಗಿಸಿದರೆ ಕುದಿಯೋ ನೀರು. ಅದಕ್ಕೆ ಬೆಳಿಗ್ಗೆ ಎದ್ದ ಕೂಡಲೇ ಬಕೆಟ್ಟು, ಕೊಡ, ಪಾತ್ರೆ ಎಲ್ಲ ತುಂಬಿಸಿಡೋದು. ತಣ್ಣೀರಿಗಾಗಿ ಕಾಯೋ ಊರು ಕಣಕ್ಕ ಇದು. ಮರಳುಗಾಳಿ ಬಂದರೆ ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಬೇಕು, ಆದರೂ ಅನ್ನದಲ್ಲಿ ಕರಕರ ಅನ್ನುತ್ತೆ.

ಬೇಜಾರು ಕಳೆಯೋಕೆ ಹಳೇ ಹೊಲಿಗೆ ಮಿಷನ್ ಒಂದು ತಗೊಂಡಿದೀವಿ. ಪಕ್ಕದ ಮನೆಯ ಏಲಿಯಮ್ಮ ಅಂತ, ಮಲಯಾಳದವಳು, ಇಲ್ಲಿನ ಆಸ್ಪತ್ರೆಯಲ್ಲಿ ನರ್ಸು. ಅವಳ ಸ್ನೇಹಿತರ ರವಿಕೆಯೆಲ್ಲ ನಾನೇ ಹೊಲಿಯೋದು. ಈಗ ಕೆಳಗಿನ ಮನೆ ಪ್ಯಾಲೆಸ್ತೀನ್ ಹೆಂಗಸೂ ಮಕ್ಕಳ ಯೂನಿಫಾರ್ಮ್ ತಂದುಕೊಡ್ತಾಳೆ. ನೀನು ಕಳಿಸಿದ ದಾರದ ಅಳತೆಗೆ ಮೂರು ಫ್ರಾಕ್ ಆಗಿದೆ. ಹೊಲಿದ ಮೇಲೆ ಮಡಚಿಡೋಕೆ ಮನಸ್ಸು ಬರಲ್ಲ. ಕುರ್ಚಿ ಬೆನ್ನಿಗೆ ಹಾಕಿ ನೋಡ್ತಾ ಕೂತಿರ್ತೀನಿ, ಇವರು ಬಂದು ಬಯ್ದು ತೆಗೆದಿಡ್ತಾರೆ.

ಕೆಳಗಿನ ಮನೆಯವಳ ಹೆಸರು ನನಗಿನ್ನೂ ಗೊತ್ತಿಲ್ಲ. ಇಲ್ಲಿ ಹೆಂಗಸರನ್ನ ಹೆಸರು ಹಿಡಿದು ಕರೆಯಲ್ಲ, ದೊಡ್ಡ ಮಗುವಿನ ಹೆಸರು ಸೇರಿಸಿ ಕರೀತಾರೆ. ಇವಳ ಹಿರೀಮಗ ಖಲೀಲ್, ಅದಕ್ಕೆ ಉಮ್ಮು ಖಲೀಲ್, ಅಂದರೆ ಖಲೀಲನ ಅಮ್ಮ. ಬಂದಾಗಿಂದ ನನ್ನ ಕೇಳ್ತಾನೇ ಇದ್ದಳು, ನೀನು ಯಾರ ಅಮ್ಮ ಅಂತ. ಏಲಿಯಮ್ಮ ಅದನ್ನ ನನಗೆ ಹೇಳೋಳು, ನಾನು ನಕ್ಕು ಸುಮ್ಮನಾಗೋಳು. ಮಕ್ಕಳಿಲ್ಲದವಳು ಅಂತ ತಿಳಕೊಂಡು ಪಾಪ ನನ್ನ ತಲೆ ಮೇಲೆ ಕೈಯಿಟ್ಟು ಏನೋ ಮಂತ್ರ ಹೇಳೋಳು. ಹೋದ ಶುಕ್ರವಾರ ಹಾಗೆ ಹೇಳುವಾಗ ನನಗೆ ತಡೆಯೋಕಾಗಲಿಲ್ಲ. ಉಮ್ಮು ತಿಪ್ಪಿ ಅಂದುಬಿಟ್ಟೆ. ಅವಳು ಎರಡೂ ಕೆನ್ನೆಗೆ ಮುತ್ತಿಟ್ಟು ಮನೆಯವರನ್ನೆಲ್ಲ ಕೂಗಿದಳು. ಅವರ ನಾಲಗೆಗೆ 'ಪ' ಬರಲ್ಲ. ಈಗ ಮೆಟ್ಟಿಲು ಇಳಿಯುವಾಗ, ಬಟ್ಟೆ ಒಣಗಿಸುವಾಗ, ಇಡೀ ಕಟ್ಟಡವೇ ನನ್ನ ಉಮ್ಮು ತಿಬ್ಬಿ ಅನ್ನುತ್ತೆ.

ಬೈಬೇಡ ಅಕ್ಕ. ನಾನು ಕನ್ನಡದಲ್ಲಿ ಹೇಳಿಲ್ಲ. ಹೊಂಬಾಳಮ್ಮನ ದೇವರಿಗೆ ಅರಬ್ಬಿ ಎಲ್ಲಿ ಬರಬೇಕು. ಎಷ್ಟು ತಿಂಗಳಾಗಿತ್ತು ಗೊತ್ತಾ, ಯಾರಾದರೂ ನನ್ನ ಹಾಗೆ ಕರೆದು? ಯಾರೂ ಕರೆದೇ ಇರಲಿಲ್ಲ.

ನಿನ್ನ ತಂಗಿ,
ಗಂಗ


ಗುಬ್ಬಿ
24-8-1977

ಗಂಗಂಗೆ.

ನಿನ್ನ ಕಾಗದ ಬಂದು ಮೂರನೇ ದಿನಕ್ಕೆ ನನ್ನ ಮಗಳಿಗೆ ಜ್ವರ ಬಂತು. ಆಮೇಲೆ ಮೈಯೆಲ್ಲ ದಡಾರ ಎದ್ದು ಕಣ್ಣು ಬಿಡಲಾರದೆ ಮಲಗಿದ್ಲು. ಒಂಬತ್ತು ದಿನ ಬೇವಿನಸೊಪ್ಪಿನ ಮೇಲೆ ಮಲಗಿಸಿದ್ದೆ. ಆರನೇ ದಿನ ಉಸಿರು ಕೊರ ಕೊರ ಅನ್ನೋಕೆ ಶುರುವಾಗಿ ನಿಮ್ಮ ಭಾವ ತುಮಕೂರು ಆಸ್ಪತ್ರೆಗೆ ಹೊತ್ಕೊಂಡು ಓಡಿದ್ರು. ಈಗ ಪರವಾಗಿಲ್ಲ. ಬರೀ ಮೂಳೆ ಆಗವ್ಳೆ.

ನಿಂಗೆ ಅಷ್ಟು ಹೇಳಿ ಕಳಿಸಿದ್ನಲ್ಲ ಗಂಗ. ದೇವರಿಗೆ ಭಾಷೆ ಯಾವ್ದಾದ್ರೇನು. ನೀನು ಬಾಯಿ ಬಿಟ್ಟೆ, ಇಲ್ಲಿ ಮಗೂಗೆ ಹಿಂಗಾಯ್ತು. ನಿನ್ನ ಕೈಮುಗಿದು ಕೇಳ್ತೀನಿ, ಐದು ತುಂಬೋವರ್ಗೂ ಸುಮ್ನಿರು.

ದಾರ ಈ ಸಲ ಕಳಿಸಿಲ್ಲ. ಅಳತೆ ಹಿಡಿಯೋಕೆ ಮೈಯಲ್ಲಿ ಏನೂ ಇಲ್ಲ.

ಪುಟ್ಟತಾಯಮ್ಮ


ಕುವೈತ್
11-9-1977

ಅಕ್ಕನಿಗೆ.

ನಾನೇ ಅವಳನ್ನ ಸಾಯಿಸ್ತಿದ್ದೆ. ಎರಡು ಕಳಕೊಂಡೂ ಬುದ್ಧಿ ಬರಲಿಲ್ಲವಲ್ಲ ಅಂತ ನನಗೆ ನಾನೇ ಬೈಕೊಳ್ತೀನಿ. ಇನ್ನು ಬಾಯಿ ಬಿಡಲ್ಲ ಅಕ್ಕ, ನಿನ್ನ ಮಗಳ ಮೇಲೆ ಆಣೆ.

ಇನ್ನು ಮೇಲೆ ನನ್ನ ಹಾಗೆ ಕರೀಬೇಡಿ ಅಂತ ಏಲಿಯಮ್ಮನ ಕೈಲಿ ಕೆಳಗಿನ ಮನೆಗೆ ಹೇಳಿ ಕಳಿಸಿದೆ. ಯಾಕೆ ಅಂತ ಏಲಿಯಮ್ಮನಿಗೂ ಹೇಳಲಿಲ್ಲ, ಹೇಗೆ ಹೇಳೋದು. ಸಾಯಂಕಾಲ ಉಮ್ಮು ಖಲೀಲ್, ಅವಳ ಅತ್ತೆ, ನಾದಿನಿಯರು ಎಲ್ಲ ಕಪ್ಪು ಬಟ್ಟೆ ಹಾಕಿಕೊಂಡು ಮೇಲೆ ಬಂದರು. ಗೋಡೆಗೊರಗಿ ಸಾಲಾಗಿ ಕೂತರು. ಸಕ್ಕರೆ ಇಲ್ಲದ ಕಾಫಿ ಮಾಡಿ ತಂದಿದ್ದರು, ನನಗೂ ಒಂದು ಲೋಟ ಕೊಟ್ಟರು. ಅತ್ತೆ ಮುದುಕಿ ನನ್ನ ತಲೆ ಎದೆಗೆ ಒತ್ತಿಕೊಂಡು ಅಳೋಕೆ ಶುರುಮಾಡಿದಾಗ ಗೊತ್ತಾಯಿತು. ನಿನ್ನ ಮಗಳು ಸತ್ತುಹೋದಳು ಅಂತ ತಿಳಿದಿದ್ದರು.

ಇಲ್ಲ ಅನ್ನೋಣ ಅಂತ ಬಾಯಿ ತೆರೆದೆ. ಇಲ್ಲ, ಬದುಕಿದಾಳೆ ಅಂತ ಹೇಳಿದರೆ ಮತ್ತೆ ನನ್ನದು ಅಂದ ಹಾಗೆ ಆಗುತ್ತೇನೋ ಅಂತ ಹೆದರಿಕೆ ಆಯಿತು. ಸುಮ್ಮನೆ ಕೂತು ಆ ಕಹಿ ಕುಡಿದೆ. ಮೂರು ದಿನ ಬಂದರು. ಬದುಕಿರೋ ಮಗುವಿಗೆ ಸಾವಿನ ಮನೆ ಕಾಫಿ ಕುಡಿದವಳು ನಾನೊಬ್ಬಳೇ ಇರಬೇಕು.

ಅವಳಿಗೆ ಎಳನೀರು ಕೊಡು. ದೃಷ್ಟಿ ತೆಗಿ. ದಾರ ಯಾವಾಗಲಾದರೂ ಕಳಿಸು.

ಗಂಗ


ಕುವೈತ್
20-5-1978

ಅಕ್ಕನಿಗೆ.

ಎರಡು ತಿಂಗಳು ಬರೆಯಲಿಲ್ಲ ಅಂತ ಸಿಟ್ಟು ಮಾಡಬೇಡ. ಆಸ್ಪತ್ರೆಯಲ್ಲಿದ್ದೆ. ನಾಲ್ಕು ತಿಂಗಳಾಗಿತ್ತು, ನಿಲ್ಲಲಿಲ್ಲ. ನಿನಗೆ ಮೊದಲೇ ತಿಳಿಸಿರಲಿಲ್ಲ, ಹೇಳಿದರೆ ದೃಷ್ಟಿಯಾಗುತ್ತೆ ಅಂತ. ಇನ್ನು ಆಗೋದು ಕಷ್ಟ ಅಂತ ಇಲ್ಲಿನ ಡಾಕ್ಟರಮ್ಮ ಹೇಳಿದ್ದನ್ನ ಏಲಿಯಮ್ಮ ನನಗೆ ಹೇಳಲಿಲ್ಲ, ಇವರಿಗೆ ಹೇಳಿದಳು. ಇವರು ಬಾತ್‌ರೂಮಿನಲ್ಲಿ ನಲ್ಲಿ ತಿರುಗಿಸಿ ಬಿಟ್ಟುಕೊಂಡು ಅತ್ತರು. ನನಗೆ ಕೇಳಿಸಿತು.

ಹೀಗಿರುವಾಗ ನಿನ್ನ ಮಗಳೊಬ್ಬಳೇ. ಅರ್ಥವಾಯಿತಲ್ಲ ಅಕ್ಕ. ಹುಷಾರಾಗಿ ನೋಡಿಕೋ. ಮುಂದಿನ ವರ್ಷ ಶ್ರಾವಣಕ್ಕೆ ಐದು ತುಂಬುತ್ತೆ.

ಗಂಗ


ಗುಬ್ಬಿ
18-6-1979

ಗಂಗಂಗೆ ಅಕ್ಕ ಮಾಡೋ ಆಶೀರ್ವಾದ.

ಇಲ್ಲಿ ಮಳೆ ಒಂದು ಸಲ ಬಂದು ಹೋಯ್ತು. ನನಗೆ ಎಡಗಣ್ಣು ಮಂಜಾಗಿದೆ. ಡಾಕ್ಟ್ರು ಬಾಟ್ಲಿ ಕೊಟ್ಟವ್ರೆ, ದಿನಕ್ಕೆ ಮೂರು ಸಲ ಬಿಡ್ಬೇಕು. ನನ್ನ ಮಗಳೇ ಬಿಡ್ತಾಳೆ. ಅಮ್ಮ ಮೇಲೆ ನೋಡು, ಕಣ್ಣು ಮುಚ್ಚಬೇಡ ಅಂತ ಗದರ್ತಾಳೆ. ಒಂದು ಹನೀನೂ ಆಚೆ ಬೀಳಿಸಲ್ಲ.

ಅವಳನ್ನ ಒಂದನೇ ಕ್ಲಾಸಿಗೆ ಸೇರಿಸಿದ್ವಿ. ಓರಗೆ ಮಕ್ಕಳೆಲ್ಲ ಹೋಗೋದು ನೋಡಿ ಅಳ್ತಿದ್ಲು. ತಿಪ್ಪಮ್ಮ ಅಂತ ಬರೆದ್ರೆ ಮುಂದೆ ಮಕ್ಕಳು ಆಡ್ಕೋತಾರೆ ಅಂತ ಮೇಷ್ಟ್ರು ಅಂದ್ರು. ಅದಕ್ಕೆ ಸರೋಜ ಅಂತ ಬರೆಸ್ದೊ. ತಂದೆ ಹೆಸರು ಕೇಳಿದ್ರು. ಬಿಡಿಸ್ಕೊಳ್ಳೋ ಮುಂಚೆ ಬೇರೆ ಹೆಸರು ಹೇಳಬಾರದಲ್ಲ ಅಂತ ನಿಮ್ಮ ಭಾವ ಅವರ ಹೆಸರೇ ಹೇಳಿದ್ರು. ಬಿ. ಸರೋಜ ಅಂತ ಆಗಿದೆ.

ಪುಟ್ಟತಾಯಮ್ಮ


ಕುವೈತ್
9-7-1979

ಅಕ್ಕ,

ಸರೋಜ ಯಾರು? ನಾನು ಇಡಬೇಕಾದ ಹೆಸರು ಏನು ಅಂತ ನಿನಗೊಬ್ಬಳಿಗೆ ಎರಡು ವರ್ಷದ ಹಿಂದೆಯೇ ಬರೆದಿದ್ದೆ. ಇನ್ನೆರಡು ತಿಂಗಳು ತಡೆದಿದ್ದರೆ ಶಾಲೆ ಎಲ್ಲಿಗೆ ಓಡಿಹೋಗ್ತಿತ್ತು?

ವೀಸಾಕ್ಕೆ ಇಲ್ಲಿ ಕಂಪನಿಯವರು ಮಗು ಹುಟ್ಟಿದ್ದಕ್ಕೆ ದಾಖಲೆ ಕೇಳಿದಾರೆ. ಮನೆಯಲ್ಲಿ ಹುಟ್ಟಿದ್ದು, ನಾವು ಎಲ್ಲೂ ಬರೆಸಿಲ್ಲ. ಇರೋದು ಶಾಲೆಯ ದಾಖಲೆ ಒಂದೇ, ಅದರಲ್ಲಿ ಬೆಟ್ಟಸ್ವಾಮಿ ಅಂತ ಇದ್ದರೆ ಯಾವ ಆಫೀಸಿನವನು ಅವಳನ್ನ ಪುಟ್ಟರಂಗಯ್ಯನ ಮಗಳು ಅಂತ ಒಪ್ತಾನೆ? ನೀನು ಬೇಕು ಅಂತ ಮಾಡಿದೆ ಅಂತ ಇವರು ಅಂದರು. ನಾನು ಇವರ ಮೇಲೆ ಹಾರಿಬಿದ್ದೆ, ನಮ್ಮಕ್ಕ ಅಂಥವಳಲ್ಲ ಅಂತ. ಆಮೇಲೆ ರಾತ್ರಿಯಿಡೀ ನಿದ್ದೆ ಬರಲಿಲ್ಲ.

ಭಾವನಿಗೆ ಹೇಳು, ನಾಳೆಯೇ ಮೇಷ್ಟ್ರ ಹತ್ತಿರ ಹೋಗಿ ತಿದ್ದಿಸಲಿ. ಇವರಿಗೆ ರಜ ಇಲ್ಲ, ನಾನೊಬ್ಬಳೇ ಸೆಪ್ಟೆಂಬರಿನಲ್ಲಿ ಬರ್ತೀನಿ. ಕೋಣೆಯಲ್ಲಿ ಅವಳಿಗೆ ಮಂಚ ಹಾಕಿ ಆಗಿದೆ. ಇಲ್ಲಿ ನಮ್ಮ ದೇಶದ ಮಕ್ಕಳ ಸ್ಕೂಲಿದೆ, ಬಸ್ಸು ಮನೆ ಬಾಗಿಲಿಗೆ ಬರುತ್ತೆ. ಅವಳನ್ನ ಕರಕೊಂಡೇ ಬರೋದು. ತೌಡು ನಾನೇ ತರ್ತೀನಿ, ನೀನು ಮೊರ ತೊಳೆದಿಡು.

ಗಂಗ


ಗುಬ್ಬಿ
14-11-1979

ಗಂಗಂಗೆ ಅಕ್ಕ ಬರೆಯೋದು.

ನೀನು ಹೋಗಿ ಒಂದು ತಿಂಗಳ ಮೇಲಾಯ್ತು. ತಲುಪಿದೆ ಅಂತ ಒಂದು ಗೆರೆ ಬರೆದಿಲ್ಲ. ರಂಗಯ್ಯನವರು ಬರೆದ ಕಾರ್ಡಿಂದ ಗೊತ್ತಾಯ್ತು.

ಎಲ್ಲ ಸರಿ ಹೋಗಿತ್ತಲ್ಲ. ನಿಮ್ಮ ಭಾವ ಹೆಸರು ತಿದ್ದಿಸಿ ಕೊಟ್ಟಿದ್ರು. ನೀನು ಎರಡು ಸಲ ಬೆಂಗಳೂರಿಗೆ ಹೋಗಿ ನಿನ್ನ ಪಾಸ್‌ಪೋರ್ಟಲ್ಲಿ ಅವಳ ಹೆಸರು ಸೇರಿಸ್ಕೊಂಡು ಬಂದೆ. ವಿಮಾನದ ಟಿಕೀಟು ಇಬ್ಬರದೂ ಬಂದಿತ್ತು. ನಾನು ಮೊರ ತೊಳೆದು ಅರಿಶಿನ ಹಚ್ಚಿ ಒಣಗಿಸಿ ಇಟ್ಟಿದ್ದೆ. ಶುಕ್ರವಾರ ಬಿಡಿಸ್ಕೊಳ್ಳೋದು ಅಂತ ಮಾತಾಗಿತ್ತು. ಹಿಂದಿನ ದಿನ ಹೆಬ್ಬೂರಿಗೆ ಹೋಗಿ ಹೊಂಬಾಳಮ್ಮಂಗೆ ಹೇಳಿ, ಅವಳ ಮನೆ ತೌಡೇ ತರ್ತೀನಿ ಅಂತ ಹೋದೆ. ಸಾಯಂಕಾಲ ಬಂದೋಳು ನನ್ನ ಮುಖ ನೋಡಲಿಲ್ಲ. ಬೆಳಿಗ್ಗೆ ಎದ್ದು ಇವತ್ತು ಬೇಡ ಅಂದೆ. ಭಾನುವಾರ ಒಬ್ಬಳೇ ಪೆಟ್ಟಿಗೆ ಎತ್ಕೊಂಡು ತುಮಕೂರು ಬಸ್ ಹತ್ತಿದೆ. ನಿಮ್ಮ ಭಾವ ಯಾಕಮ್ಮ ಯಾಕಮ್ಮ ಅಂತ ಬಸ್ಸಿನ ಜೊತೆ ಓಡಿದ್ರು.

ಹೊಂಬಾಳಮ್ಮ ನಿಂಗೆ ಏನು ಹೇಳಿದ್ಲು ಅಂತ ನಾನು ಕೇಳಲ್ಲ. ನಾನೇ ಹೇಳ್ತೀನಿ.

ಅವಳು ಹೇಳಿದ್ದು ಮೂರು ವರ್ಷ. ನೀನು ಸನ್ನಿ ಹಿಡಿದು ಮಲಗಿದ್ದೆ, ಕೇಳಿಸ್ಕೊಂಡೋಳು ನಾನೊಬ್ಬಳೇ. ನೀನು ಎದ್ದು ಕೂತು ಎಷ್ಟು ವರ್ಷ ಅಕ್ಕ ಅಂತ ಕೇಳಿದಾಗ ಮಗು ನನ್ನ ತೊಡೆ ಮೇಲೆ ಮಲಗಿತ್ತು. ನನ್ನ ಬೆರಳು ಹಿಡ್ಕೊಂಡಿತ್ತು. ಮದುವೆಯಾಗಿ ಹನ್ನೆರಡು ವರ್ಷ ನನ್ನ ಬೆರಳು ಯಾವ ಕೂಸೂ ಹಿಡಿದಿರಲಿಲ್ಲ. ಐದು ಅಂದೆ. ಬಾಯಿಗೆ ತಾನಾಗೇ ಬಂತು ಅಂತ ಹೇಳಿದ್ರೆ ಸುಳ್ಳಾಗ್ತದೆ. ಗೊತ್ತಿದ್ದೇ ಹೇಳಿದೆ.

ಮೂರು ತುಂಬೋ ಹೊತ್ತಿಗೆ ನಿಂಗೆ ಬರೆದು ಹೇಳಬೇಕು ಅಂತಿದ್ದೆ. ಆಗಲೇ ದಡಾರ ಬಂತು. ಆ ದಡಾರ ಊರಿನ ಮಕ್ಕಳಿಗೆಲ್ಲ ಬಂದಿತ್ತು ಗಂಗ, ನಮ್ಮ ಬೀದಿಯಲ್ಲೇ ಏಳು ಮಕ್ಕಳು ಮಲಗಿದ್ವು. ಅದನ್ನ ನಿಂಗೆ ಬರೀಲಿಲ್ಲ. ನೀನು ಬಾಯಿ ಬಿಟ್ಟಿದ್ದಕ್ಕೆ ಅಂತ ಬರೆದೆ. ನೀನು ಅಷ್ಟು ದೂರದಲ್ಲಿ ಆ ಹೆಂಗಸರ ಮಧ್ಯೆ ಕೂತು ಕಾಫಿ ಕುಡಿದೆ ಅಂತ ಓದಿ ಎರಡು ದಿನ ನಾನು ಅನ್ನ ಮುಟ್ಟಲಿಲ್ಲ. ಆದ್ರೂ ನಿಜ ಬರೀಲಿಲ್ಲ.

ಶಾಲೆ ಹೆಸರು ನಿಮ್ಮ ಭಾವನ ತಪ್ಪಲ್ಲ. ನಾನೇ ಹೇಳಿಕೊಟ್ಟಿದ್ದು.

ಬಂದು ಕರ್ಕೊಂಡು ಹೋಗು. ಅಡ್ಡ ಬರಲ್ಲ. ನಾನು ಅವಳಿಗೆ ಎಲ್ಲ ಹೇಳಿಕೊಟ್ಟು ಸಿದ್ಧ ಮಾಡಿದ್ದೆ, ಮತ್ತೆ ಮಾಡ್ತೀನಿ. ನನ್ನ ಬಯ್ಯಿ. ಬಯ್ಯೋಕಾದ್ರೂ ಒಂದು ಕಾಗದ ಬರಿ ಕಣೇ.

ನಿನ್ನ ಅಕ್ಕ ಅಂತ ಹಾಕ್ಕೊಳ್ಳೋಕೆ ನಾಚಿಕೆ ಆಗುತ್ತೆ.
ಪುಟ್ಟತಾಯಮ್ಮ


ಕುವೈತ್
27-1-1980

ಅಕ್ಕನಿಗೆ ಗಂಗ ಮಾಡುವ ನಮಸ್ಕಾರ.

ಈ ಕಾಗದ ಮೂರು ಸಲ ಬರೆದು ಹರಿದೆ. ಮೊದಲಿನ ಎರಡು ನೀನು ಓದಿದ್ದರೆ ಮತ್ತೆ ಈ ಜನ್ಮದಲ್ಲಿ ನನ್ನ ಮುಖ ನೋಡ್ತಿರಲಿಲ್ಲ.

ಹೊಂಬಾಳಮ್ಮನಿಗೆ ಈಗ ಕಣ್ಣು ಕಾಣಲ್ಲ. ಜಗಲಿ ಮೇಲೆ ಕೂತಿದ್ದಳು. ನನ್ನ ಮುಖ ಸವರಿ ಯಾರು ಅಂದಳು. ಗಂಗ, ಬಿಡಿಸಿಕೊಳ್ಳೋಕೆ ಬಂದಿದೀನಿ ಅಂದೆ.

"ಈಗ್ಲಾ? ಮೂರಕ್ಕೇ ಬಿಡಿಸ್ಕೊ ಅಂತ ನಿಮ್ಮಕ್ಕಂಗೆ ಹೇಳಿದ್ನಲ್ಲವ್ವ. ಎರಡು ವರ್ಷ ಎಲ್ಲೋಗಿದ್ದೆ?"

ತೌಡಿನ ಚೀಲ ತೊಡೆ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಗೂಳೂರು ದಾಟೋವರೆಗೂ ನಿನಗೆ ಏನೇನು ಅನ್ನಬೇಕು ಅಂತ ಮನಸ್ಸಿನಲ್ಲೇ ಅಂದೆ. ಜುಟ್ಟು ಹಿಡಿದು ಬೀದಿಗೆ ಎಳೀಬೇಕು ಅನ್ನಿಸಿತು. ನಾನು ಇಲ್ಲಿ ಕುರ್ಚಿಗೆ ಫ್ರಾಕ್ ಹಾಕಿ ಕೂತಿದ್ದೆನಲ್ಲ, ಆ ಎರಡು ವರ್ಷ ಅವಳು ಆ ಫ್ರಾಕಿನೊಳಗೆ ನನ್ನ ಮನೆಯಲ್ಲೇ ಓಡಾಡಬೇಕಿತ್ತು. ಅದಿನ್ನು ಬರಲ್ಲ. ಈ ಸಿಟ್ಟು ಹೋಗಿಲ್ಲ ಅಕ್ಕ. ಹೋಗುತ್ತೆ ಅಂತ ಸುಳ್ಳು ಬರೆಯಲ್ಲ.

ನಾನು ಮನೆಗೆ ಬಂದಾಗ ನೀನು ನೀರಿಗೆ ಹೋಗಿದ್ದೆ. ಅವಳು ಪಡಸಾಲೆಯಲ್ಲಿ ಕೂತು ಬಟ್ಟೆಚೀಲಕ್ಕೆ ತುಂಬಿಕೊಳ್ತಾ ಇದ್ದಳು. ಎರಡು ಫ್ರಾಕು, ಸ್ಲೇಟು, ನಿನ್ನ ಹರಿದ ಹಸಿರು ಸೀರೆ. ಇದು ಯಾಕೆ ಅಂದೆ. ಹೊದ್ದುಕೊಂಡು ಮಲಗೋಕೆ ಅಂದಳು. ಅಳುಮುಖ ಇರಲಿಲ್ಲ. ನೀನು ಚೆನ್ನಾಗೇ ಸಿದ್ಧ ಮಾಡಿದ್ದೆ. ನಿನ್ನ ಕಣ್ಣಿನ ಔಷಧಿ ಬಾಟಲಿ ಎತ್ತಿ ಬೆಳಕಿಗೆ ಹಿಡಿದು, ಇನ್ನೂ ಇಷ್ಟು ಇದೆ, ಅಪ್ಪಂಗೆ ಬಿಡೋಕೆ ಬರಲ್ಲ, ಆಚೆ ಚೆಲ್ತಾರೆ ಅಂದಳು. ಆಮೇಲೆ ನನ್ನ ಹತ್ತಿರ ಬಂದು ಗುಟ್ಟು ಕೇಳೋ ಹಾಗೆ ಕೇಳಿದಳು.

"ಚಿಕ್ಕಮ್ಮ, ಅಲ್ಲಿಗೆ ಹೋದ್ಮೇಲೆ ನಿನ್ನ ಅಮ್ಮ ಅನ್ಬೇಕಂತೆ. ಅಮ್ಮ ಹೇಳ್ಕೊಟ್ಟವ್ಳೆ. ಎಷ್ಟು ದಿನ ಅನ್ಬೇಕು?"

ಸನ್ನಿಯಿಂದ ಎದ್ದು ಕೂತವಳು ನಾನೂ ನಿನ್ನ ಅದನ್ನೇ ಕೇಳಿದ್ದೆ. ಎಷ್ಟು ವರ್ಷ ಹಾಗೆ ಅನ್ನಬಾರದು ಅಂತ. ನೀನು ಐದು ಅಂದೆ, ನಾನು ಒಂದೊಂದು ದಿನವೂ ಹಲ್ಲು ಕಚ್ಚಿ ಕಳೆದೆ. ಇವಳೂ ನನ್ನ ಮನೆಯಲ್ಲಿ ಮಂಚದ ಮೇಲೆ ನಿನ್ನ ಸೀರೆ ಹೊದ್ದು ಹಾಗೇ ದಿನ ಕಳೀತಾಳೆ. ನಾನು ಮಾಡಿದ್ದು ಐದು ವರ್ಷದ ಮಗುವಿನ ಕೈಲಿ ಮಾಡಿಸೋಕೆ ನನ್ನಿಂದ ಆಗಲಿಲ್ಲ. ಅನ್ನಬೇಡ ಬಿಡು, ಇಲ್ಲೇ ಇರು ಅಂದೆ. ಅವಳು ಚೀಲದಿಂದ ಸೀರೆ ತೆಗೆದು ಮಡಚಿ ಗಳುವಿನ ಮೇಲೆ ಹಾಕಿಬಂದಳು. ಅಷ್ಟು ಖುಷಿ ಅವಳ ಮುಖದಲ್ಲಿ ನಾನಿದ್ದ ಮೂರು ವಾರದಲ್ಲಿ ನೋಡಿರಲಿಲ್ಲ.

ಬೊಂಬಾಯಿಯಿಂದ ಬರುವಾಗ ವಿಮಾನದಲ್ಲಿ ಪಕ್ಕದ ಸೀಟು ಖಾಲಿ ಇತ್ತು, ಅದರ ಮೇಲೆ ನನ್ನ ಕೈಚೀಲ ಇಟ್ಟುಕೊಂಡು ಬಂದೆ. ಇಲ್ಲಿ ಇಳಿದ ಮೇಲೆ ಕಸ್ಟಮ್ಸಿನವನು ಪೆಟ್ಟಿಗೆ ಬಿಚ್ಚಿದ. ತೌಡಿನ ಚೀಲ ಸಿಕ್ಕಿತು. ಬೆರಳಾಡಿಸಿದ, ಮೂಸಿದ, ಇನ್ನೊಬ್ಬನನ್ನ ಕರೆದ. ಏನಿದು ಅಂದರು. ದನಕ್ಕೆ ಹಾಕೋದು ಅಂತ ಕೈಸನ್ನೆ ಮಾಡಿ ಕೊಂಬು ತೋರಿಸಿದೆ. ಇಲ್ಲಿ ನಿನಗೆ ದನ ಎಲ್ಲಿದೆ ಅಂತ ನಕ್ಕರು. ಹೊರಗೆ ಇವರು ಸಣ್ಣದೊಂದು ಗೊಂಬೆ ಹಿಡಕೊಂಡು ನಿಂತಿದ್ದರು. ನನ್ನ ಹಿಂದೆ ನೋಡಿದರು, ಮತ್ತೆ ನನ್ನ ನೋಡಿದರು, ಗೊಂಬೆಯನ್ನ ಪೆಟ್ಟಿಗೆ ಮೇಲಿಟ್ಟು ತಳ್ಳಿಕೊಂಡು ನಡೆದರು. ಇವತ್ತಿನವರೆಗೆ ಅದರ ಬಗ್ಗೆ ಒಂದು ಮಾತು ಕೇಳಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ಉಮ್ಮು ಖಲೀಲ್ ಮೆಟ್ಟಿಲ ಮೇಲೆ ಸಿಕ್ಕಿ ಊರಿನಲ್ಲಿ ಸಮಾಧಿಗೆ ಹೋಗಿ ಬಂದೆಯಾ ಅಂತ ಏಲಿಯಮ್ಮನ ಕೈಲಿ ಕೇಳಿಸಿದಳು. ಹೂಂ ಅಂದೆ.

ನೀರಿನ ಲಾರಿ, ಮರಳು, ಖುಬ್ಬೂಸ್, ಎಲ್ಲಕ್ಕೂ ಒಗ್ಗಿಕೊಂಡಿದೀನಿ. ಉಪ್ಪು ಬೇಕು ಅಂತ ಅರಬ್ಬಿಯಲ್ಲೇ ಕೇಳ್ತೀನಿ. ಆ ಮಂಚದ ಮೇಲೆ ಈಗ ಹೊಲಿಯೋ ಬಟ್ಟೆ ಹರಡ್ತೀನಿ.

ನಿನ್ನ ಮಗಳಿಗೆ ಯುಗಾದಿಗೆ ಲಂಗ ಹೊಲೀಬೇಕು, ದಾರ ಕಳಿಸು. ಈ ಸಲ ಸೊಂಟದ ಅಳತೆಗೂ ಒಂದು ಗಂಟು ಹಾಕು. ನಿನ್ನ ಕಣ್ಣಿಗೆ ಔಷಧಿ ತಪ್ಪಿಸಬೇಡ.

ತೌಡು ನಿನಗೆ ಅಳೆದು ಕೊಟ್ಟಿಲ್ಲ, ಅದಕ್ಕೆ ಅವಳು ಇನ್ನೂ ನಿನ್ನವಳೇ. ಹಾಲಿನ ಪುಡಿ ಡಬ್ಬಿಯಲ್ಲಿ ಹಾಕಿ ಅಡಿಗೆಮನೆ ಅಟ್ಟದ ಮೇಲಿಟ್ಟಿದೀನಿ. ಮೊನ್ನೆ ತೆಗೆದು ನೋಡಿದರೆ ಹುಳ ಬಿದ್ದಿತ್ತು. ಎಸೆಯೋಣ ಅಂತ ಕಸದ ಬುಟ್ಟಿಯವರೆಗೆ ಹೋದೆ. ಆಮೇಲೆ ತಾರಸಿಗೆ ಹೋಗಿ ಬಿಸಿಲಿಗೆ ಹರಡಿ, ಜರಡಿ ಹಿಡಿದು, ಮತ್ತೆ ಡಬ್ಬಿಗೆ ತುಂಬಿ ಮುಚ್ಚಳ ಹಾಕಿದೆ.

ಇಂತಿ,
ನಿನ್ನ ಮಗಳ ಚಿಕ್ಕಮ್ಮ,
ಗಂಗ